ಬಾವುಟ ಬಂತು, ಬಸ್ಸು ಬರಲಿಲ್ಲ

ನನಗೆ ಲಾರಿ ಕಂಡರೆ ಹೆದರಿಕೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಸರ್ವಿಸಿನ ಮುಕ್ಕಾಲು ಪಾಲು ಹೊಸಪೇಟೆ, ಸಂಡೂರು, ಕಂಪ್ಲಿ ಕಡೆಯ ಹಳ್ಳಿ ರಸ್ತೆಗಳಲ್ಲಿ ಸಂಚಾರಿ ಪೊಲೀಸನಾಗಿ ನಿಂತವನು, ಪೇದೆಯಾಗಿ ಸೇರಿ ದಫೇದಾರನಾಗಿ ಮನೆಗೆ ಬಂದವನು ಲಾರಿಗೆ ಹೆದರುತ್ತಾನೆ ಅಂದರೆ ನೀವು ನಗಬಹುದು. ನಗಿರಿ. ಈಗಲೂ ಹಿಂದಿನಿಂದ ಏರ್ ಬ್ರೇಕಿನ ‘ಪುಸ್’ ಸದ್ದು ಕೇಳಿದರೆ ತರಕಾರಿ ಚೀಲ ಬಿಟ್ಟು ಚರಂಡಿಯ ಆಚೆ ಹಾರುತ್ತೇನೆ. ಜೊತೆಗಿರುವ ನನ್ನ ಹೆಂಡತಿ ತಲೆ ಚಚ್ಚಿಕೊಳ್ಳುತ್ತಾಳೆ.

ನಿವೃತ್ತಿಯ ಬೀಳ್ಕೊಡುಗೆಯ ದಿನ ಠಾಣೆಯ ಅಂಗಳದಲ್ಲಿ ಶಾಮಿಯಾನ ಹಾಕಿ, ಶಾಲು ಹೊದಿಸಿ ನನ್ನನ್ನು ಕೂರಿಸಿದ್ದರು. ಹೊಸದಾಗಿ ಸೇರಿದ ಪೇದೆಯೊಬ್ಬಳು ಮೈಕಿನ ಮುಂದೆ ನಿಂತು, ಸಂಡೂರಿನ ಘಾಟಿನಲ್ಲಿ ನಾನು ಒಂದು ಬಸ್ಸಿನ ಜನರನ್ನು ಉಳಿಸಿದ್ದಕ್ಕೆ ಸಿಕ್ಕ ಪ್ರಶಂಸಾ ಪತ್ರವನ್ನು ಗಟ್ಟಿಯಾಗಿ ಓದಿದಳು. “ನಾವೂ ಇವರಂಗ ಧೈರ್ಯ ಕಲೀಬೇಕ್ರಿ” ಎಂದಳು. ಎಲ್ಲರೂ ಚಪ್ಪಾಳೆ ಹೊಡೆದರು. ನಾನು ಲೋಟದ ನೀರು ಎತ್ತಿ ಗಟಗಟ ಕುಡಿದೆ.

ಆ ಪತ್ರದಲ್ಲಿರುವುದು ಸುಳ್ಳು. ಬಸ್ಸನ್ನು ಸಾವಿನ ಬಾಯಿಗೆ ತಳ್ಳಿದವನು ನಾನು. ಉಳಿಸಿದವನು ಹುಲುಗಪ್ಪ ಎಂಬ ಹೋಮ್‌ಗಾರ್ಡ್. ಅವತ್ತು ಸಂಜೆಯೇ ಅವನ ಡ್ಯೂಟಿ ಹೋಯಿತು. ನಾನು ಒಂದು ಮಾತು ಆಡಿದ್ದರೆ ಹೋಗುತ್ತಿರಲಿಲ್ಲ, ಆಡಲಿಲ್ಲ. ಧೈರ್ಯ ಕಲಿಯಲು ಹೊರಟಿದ್ದಾಳಲ್ಲ, ಆ ಹುಡುಗಿ ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನೋಡಮ್ಮ, ಪೇಟೆಯ ಟ್ರಾಫಿಕ್ ಬೇರೆ, ಹಳ್ಳಿಯದು ಬೇರೆ. ಪೇಟೆಯಲ್ಲಿ ದೀಪ ಇದೆ, ಗೆರೆ ಇದೆ, ಬೈದರೆ ಕೇಳುವ ನಾಲ್ಕು ಜನ ಇದ್ದಾರೆ. ಹಳ್ಳಿಯಲ್ಲಿ ರಸ್ತೆಯೇ ಕಣ, ರಸ್ತೆಯೇ ಹರಟೆಕಟ್ಟೆ, ರಸ್ತೆಯೇ ಎಮ್ಮೆಯ ದಾರಿ. ಕಂಪ್ಲಿ ಕಡೆ ಸುಗ್ಗಿಯಲ್ಲಿ ಅರ್ಧ ರಸ್ತೆಗೆ ಭತ್ತ ಒಣಹಾಕುತ್ತಾರೆ. ಗಾಡಿಯವರು ಮೇಲೆ ಹತ್ತಿಸದಿರಲಿ ಎಂದು ಅಂಚಿಗೆ ಉದ್ದಕ್ಕೂ ತಲೆ ಗಾತ್ರದ ಕಲ್ಲು ಇಡುತ್ತಾರೆ. ನಾನು ಹೊಸಬ. ಒಂದು ಮಧ್ಯಾಹ್ನ ಜೋರು ಮಾಡಿ ಭತ್ತ ಎತ್ತಿಸಿದೆ. ಒಬ್ಬ ಅಜ್ಜಿ ಪೊರಕೆ ಹಿಡಿದುಕೊಂಡೇ ನನ್ನ ವಂಶವನ್ನೆಲ್ಲ ಎತ್ತಿ ಆಡಿದಳು. ಆಡಲಿ ಬಿಡು, ರಸ್ತೆ ಖಾಲಿಯಾಯಿತಲ್ಲ ಎಂದು ಮೀಸೆ ತಿರುವಿ ಬಂದೆ. ಭತ್ತ ಎತ್ತಿದ್ದರು, ಕಲ್ಲು ಎತ್ತಿರಲಿಲ್ಲ. ಹೊತ್ತು ಮುಳುಗುವಾಗ ಟಿವಿಎಸ್ ಮೇಲೆ ಬಂದ ಗಂಡಹೆಂಡಿರು ಆ ಕಲ್ಲಿಗೆ ಹೊಡೆದು ಬಿದ್ದರು. ಆ ಹೆಣ್ಣುಮಗಳ ಮೊಣಕೈ ಹಿಂದಕ್ಕೆ ತಿರುಗಿ ನಿಂತಿದ್ದನ್ನು ನೋಡಿ ನನಗೆ ಕಣ್ಣು ಕತ್ತಲೆ ಬಂತು. ಭತ್ತ ಇದ್ದಾಗ ಆ ಕಲ್ಲು ಎಲ್ಲರಿಗೂ ಕಾಣುತ್ತಿತ್ತು. ಕಾಣದ ಹಾಗೆ ಮಾಡಿದವನು ನಾನೇ. ಆಮೇಲೆ ಎಲ್ಲಿ ಹೋದರೂ ಮೊದಲು ಕಲ್ಲು ಎತ್ತಿಸುತ್ತಿದ್ದೆ, ಭತ್ತದ ಮಾತು ಆಮೇಲೆ.

ಎಲ್ಲ ಹೆದರಿಕೆಯೂ ಇಂಥದ್ದೇ ಅಲ್ಲ. ದರೋಜಿ ಕಡೆ ಒಂದು ಬೆಳಗಿನ ಜಾವ ರಸ್ತೆ ಮಧ್ಯೆ ಕಪ್ಪಗೆ ಏನೋ ನಿಂತಿತ್ತು. ಯಾರೋ ಕಂಬಳಿ ಹೊದ್ದು ಕುಡಿದು ತೂರಾಡುತ್ತಿದ್ದಾನೆಂದು ನಾನು ಸೀಟಿ ಊದಿದೆ. ಅದು ಎರಡು ಕಾಲ ಮೇಲೆ ಎದ್ದು ನಿಂತು ನನ್ನ ಕಡೆ ಮೂತಿ ತಿರುಗಿಸಿತು. ಕರಡಿ! ಸೀಟಿ ಬಾಯಲ್ಲೇ ಇತ್ತು, ಉಸಿರು ಮಾತ್ರ ಇರಲಿಲ್ಲ. ಅದು ತನ್ನ ಪಾಡಿಗೆ ಇಳಿದುಹೋಯಿತು. ನಾನು ಬೈಕಿನ ಹಿಂದೆ ಕುಕ್ಕರಗಾಲಲ್ಲಿ ಕೂತವನು ಹಾಲಿನ ಗಾಡಿಯವನು ಬಂದು ಎಬ್ಬಿಸುವವರೆಗೂ ಏಳಲಿಲ್ಲ. ಠಾಣೆಯಲ್ಲಿ ಒಂದು ವರ್ಷ ನನ್ನನ್ನು ಕರಡಿಗೆ ಕೇಸ್ ಹಾಕಿದವನು ಎಂದೇ ಕರೆದರು.

ಇನ್ನು ಲಾರಿ. ಗಣಿ ಜೋರಿದ್ದ ವರ್ಷಗಳನ್ನು ನೀವು ಕಂಡಿಲ್ಲ. ಅದಿರು ಲಾರಿಗಳು ಒಂದರ ಬಾಲ ಒಂದು ಹಿಡಿದು ಹಗಲೂ ಇರುಳೂ ಓಡುತ್ತಿದ್ದವು. ಸಂಜೆ ಮುಖ ತೊಳೆದರೆ ಬಚ್ಚಲು ಕೆಂಪಾಗುತ್ತಿತ್ತು. ಎಷ್ಟೋ ಡ್ರೈವರುಗಳು ಕಣ್ಣು ತೆರೆದುಕೊಂಡೇ ನಿದ್ದೆ ಮಾಡುತ್ತಿದ್ದರು. ಕೈ ಅಡ್ಡ ಹಿಡಿದರೆ ನನ್ನನ್ನೇ ನೋಡುತ್ತಿರುತ್ತಾರೆ, ಆದರೆ ನಾನು ಅವರಿಗೆ ಕಾಣುತ್ತಿಲ್ಲ. ಆ ನೋಟ ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಒಮ್ಮೆ ಹಾಗೆ ನೋಡುತ್ತಲೇ ಬಂದವನ ಬಂಪರ್ ನನ್ನ ಅಂಗಿಯ ಗುಂಡಿ ಕಿತ್ತುಕೊಂಡು ಹೋಯಿತು.

ಆ ಕಾಲದಲ್ಲಿ ನನಗೆ ಕೆಲಸ ಕಲಿಸಿದವರು ದಫೇದಾರ್ ಖಾಸಿಂ ಸಾಬರು. ತೆಳ್ಳನೆಯ ಮನುಷ್ಯ, ಎಂದೂ ದನಿ ಏರಿಸಿದವರಲ್ಲ. ಮಳೆಗಾಲದಲ್ಲಿ ಸಂಡೂರಿನ ಘಾಟಿನಲ್ಲಿ ರಸ್ತೆಯ ಅರ್ಧ ಭಾಗ ಕಣಿವೆಗೆ ಕುಸಿಯಿತು. ಉಳಿದ ಅರ್ಧದಲ್ಲಿ ಒಂದು ಸಲಕ್ಕೆ ಒಂದೇ ಕಡೆಯ ಗಾಡಿ ಹೋಗಬೇಕು. ನಾಲ್ಕೈದು ತಿರುವು, ಒಂದು ತುದಿಯಿಂದ ಇನ್ನೊಂದು ತುದಿ ಕಾಣುವುದಿಲ್ಲ. ಮೊಬೈಲ್ ಸಿಗುವುದಿಲ್ಲ, ಗುಡ್ಡದ ನಡುವೆ ವಾಕಿಟಾಕಿ ಬರೀ ಖರಖರ ಅನ್ನುತ್ತದೆ. ಅದಕ್ಕೆ ಖಾಸಿಂ ಸಾಬರು ಹಳೆಯ ಪದ್ಧತಿ ತಂದರು. ಮೇಲಿನ ತುದಿಯವನು ತನ್ನ ಕಡೆಯ ಸಾಲಿನ ಕೊನೆಯ ಗಾಡಿಯ ಕೈಗೆ ಕೆಂಪು ಬಾವುಟ ಕೊಡಬೇಕು. ಅದು ಕೆಳಗಿನ ತುದಿ ಮುಟ್ಟಿದರೆ ರಸ್ತೆ ಖಾಲಿ ಎಂದರ್ಥ. ಆಗ ಕೆಳಗಿನವನು ತನ್ನ ಸಾಲು ಬಿಟ್ಟು, ಅದರ ಕೊನೆಯ ಗಾಡಿಗೆ ಅದೇ ಬಾವುಟ ಕೊಟ್ಟು ವಾಪಸ್ ಕಳಿಸಬೇಕು. ಮೊಬೈಲು, ವಾಟ್ಸಾಪ್ ಗುಂಪು, ಕ್ಯಾಮೆರಾ ಹಿಡಿದು ಕೆಲಸ ಮಾಡುವ ನಿಮಗೆ ಇದು ಮಕ್ಕಳಾಟ ಅನಿಸಬಹುದು. ಆದರೆ ಆ ಒಂದು ಬಟ್ಟೆಯ ತುಂಡನ್ನು ನಂಬಿ ದಿನಕ್ಕೆ ಸಾವಿರಾರು ಜನ ಆ ಘಾಟು ದಾಟುತ್ತಿದ್ದರು.

ಅದಕ್ಕೆ ಒಂದೇ ಒಂದು ನಿಯಮ. ಖಾಸಿಂ ಸಾಬರು ನನ್ನ ಎದೆಯ ಮೇಲೆ ಬೆರಳಿಟ್ಟು ಹೇಳಿದ್ದರು: “ಲೇ ಕೊಟ್ರೇಶ, ಬೈಕಿನಾಂವಗ ಬಾವುಟ ಕೊಡಬ್ಯಾಡ. ಕಡೀಗೆ ನಿಂತಾನ ಅಂದ್ರ ಕಡೀಗೆ ಹೋಗಿ ಮುಟ್ತಾನ ಅಂತಲ್ಲ. ಸಂದ್ಯಾಗ ನುಗ್ಗಿ ಮುಂದ ಹೋಗಿಬಿಡ್ತಾನ. ಯಾರಿಗೆ ಮುಂದಿನ ಗಾಡಿ ದಾಟಾಕ ಆಗಂಗಿಲ್ಲೋ ಅಂಥಾ ದೊಡ್ಡ ಗಾಡೀಗೆ ಕೊಡು. ಬೈಕಿನಾರನ್ನ ಅದರ ಮುಂದ ಬಿಡು, ಇಲ್ಲಾ ನಿಲ್ಲಸು. ತಿಳೀತಾ?”

ತಿಳಿಯಿತು ಎಂದೆ.

ಮೇಲಿನ ತುದಿಗೆ ನಾನು, ಹೊಸಪೇಟೆ ಕಡೆಯ ಕೆಳಗಿನ ತುದಿಗೆ ಹುಲುಗಪ್ಪ. ಗಾದಿಗನೂರಿನವನು, ಕೂಲಿ ಮಾಡಿಕೊಂಡು ಹೋಮ್‌ಗಾರ್ಡ್ ಆದವನು. ನನಗಿಂತ ನಾಲ್ಕು ವರ್ಷ ಚಿಕ್ಕವನು, ನನಗಿಂತ ಹೆಚ್ಚು ಪುಕ್ಕಲ. ಬಾವುಟ ತಂದವರನ್ನು ಸುಮ್ಮನೆ ಬಿಡುತ್ತಿರಲಿಲ್ಲ. “ನಿಮ್ಮ ಮುಂದ ಯಾವ ಗಾಡಿ ಇತ್ರಿ? ಅದರ ಮುಂದ? ನಡುವ ಯಾರನ್ನ ದಾಟಿದ್ರಿ?” ಎಂದು ವಿಚಾರಿಸುತ್ತಿದ್ದ. ಲಾರಿಯವರು ಉಗಿಯುತ್ತಿದ್ದರು. ಡ್ಯೂಟಿ ಮುಗಿಸಿ ಸೇರಿದಾಗ ನಾನೂ ಕಿಚಾಯಿಸುತ್ತಿದ್ದೆ.

“ಏನಲೇ ಹುಲುಗ್ಯಾ, ಕನ್ಯಾ ನೋಡಾಕ ಬಂದೋರ ಹಂಗ ಮೂರು ತಲಿಮಾರು ಕೇಳ್ತಿ?”

“ನಂಗ ಹೆದರಿಕಿ ಅಣ್ಣಾ” ಎನ್ನುತ್ತಿದ್ದ.

ಅವತ್ತು ಮಧ್ಯಾಹ್ನ ಬಿಸಿಲು ಸುಡುತ್ತಿತ್ತು. ಸಂಡೂರಿನಿಂದ ಹೊಸಪೇಟೆಗೆ ಹೋಗುವ ಬಸ್ಸು ನನ್ನ ಸಾಲಿನ ಕೊನೆಗೆ ಬಂತು. ಸಂತೆ ಮುಗಿಸಿದ ಹೆಂಗಸರು, ಮಕ್ಕಳು, ಬುಟ್ಟಿ, ಚೀಲ, ಕಾಲಿಡಲು ಜಾಗವಿಲ್ಲ. ನಿಯಮದ ಪ್ರಕಾರ ಬಾವುಟ ಆ ಬಸ್ಸಿನ ಡ್ರೈವರಿಗೆ ಹೋಗಬೇಕು. ಕೈ ಚಾಚಿದ್ದೆ ಕೂಡ. ಅಷ್ಟರಲ್ಲಿ ಬಿಳಿ ಅಂಗಿಯವನೊಬ್ಬ ಬೈಕಿನಲ್ಲಿ ಬಂದ.

“ನಿಲ್ರಿ, ಮುಂದಿನ ಸರ್ತಿ ಬಿಡ್ತೀನಿ” ಎಂದೆ.

“ನಿಮ್ಮ ಸಾಹೇಬ್ರು ನಿನ್ನಿ ನಮ್ಮ ಮನ್ಯಾಗ ಉಂಡು ಹೋಗ್ಯಾರ. ಫೋನ್ ಹಚ್ಚಲೇನು? ಹೆಸರೇನು ನಿಂದು?” ಎಂದು ನನ್ನ ಎದೆಯ ಮೇಲಿನ ಹೆಸರಿನ ಪಟ್ಟಿ ಓದತೊಡಗಿದ.

ಅಲ್ಲಿ ಫೋನು ಸಿಗುವುದೇ ಇಲ್ಲ! ಅದು ನನಗೆ ಗೊತ್ತು. ಆದರೂ ಲಾರಿಗಿಂತ ಹೆಚ್ಚು ಸಾಹೇಬರಿಗೆ ಹೆದರುತ್ತಿದ್ದೆ ನಾನು. ಅಷ್ಟರಲ್ಲಿ ಬಸ್ಸು ಹೊರಟೇಬಿಟ್ಟಿತು. ಬಾವುಟ ನನ್ನ ಕೈಯಲ್ಲೇ ಉಳಿಯಿತು. “ಹೋಗ್ರಿ ಮಾರಾಯ್ರ, ಬಸ್ಸಿನ ಹಿಂದನ ಹೋಗ್ರಿ, ದಾಟಬ್ಯಾಡ್ರಿ. ಇದನ್ನ ಕೆಳಗ ಕೊಡ್ರಿ” ಎಂದು ಬಾವುಟವನ್ನು ಅವನ ಕೈಗಿಟ್ಟೆ. ಅವನು ಅದನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹೋದ.

ನಾನು ನಿಂತ ಜಾಗದಿಂದ ಕೆಳಗೆ ದೂರದಲ್ಲಿ, ಘಾಟಿನ ಕಡೇ ತಿರುವು ಹುಣಸೆಮರದ ಹತ್ತಿರ ಒಂದು ಚೂರು ಕಾಣುತ್ತಿತ್ತು. ಬಸ್ಸಿನ ಕೆಂಪು ತಲೆ ಅಲ್ಲಿ ಹಾದುಹೋಗುವುದನ್ನು ನೋಡುವುದು ರೂಢಿ. ನೀರು ಕುಡಿಯುತ್ತಾ ನೋಡುತ್ತಿದ್ದೆ. ಬಿಳಿ ಅಂಗಿ ಕಂಡಿತು. ಕಂಕುಳಲ್ಲಿ ಬಾವುಟ ಪಟಪಟ ಹಾರುತ್ತಿತ್ತು. ಬಸ್ಸು?

ಬಸ್ಸು ಮೊದಲೇ ಹೋಗಿರಬೇಕು ಎಂದುಕೊಂಡೆ. ಇಲ್ಲ, ಇಷ್ಟು ಬೇಗ ಹೋಗಲು ಸಾಧ್ಯವೇ ಇಲ್ಲ. ಬಸ್ಸು ಘಾಟಿನ ನಡುವೆ ಎಲ್ಲೋ ಇದೆ. ಬಾವುಟ ಇನ್ನೊಂದು ನಿಮಿಷದಲ್ಲಿ ಹುಲುಗಪ್ಪನ ಕೈ ಸೇರುತ್ತದೆ. ಅವನ ಹಿಂದೆ ಮೈಲುಗಟ್ಟಲೆ ಖಾಲಿ ಲಾರಿಗಳು ಎಂಜಿನ್ ಆರಿಸದೆ ಕಾಯುತ್ತಿವೆ. ದಾರಿ ಬಿಟ್ಟರೆ ಗಣಿಯಲ್ಲಿ ಮೊದಲು ಲೋಡ್ ಸಿಗಲಿ ಎಂದು ಪೈಪೋಟಿಯಲ್ಲಿ ನುಗ್ಗುತ್ತವೆ, ತಿರುವಿನಲ್ಲೂ ಬ್ರೇಕ್ ಹಿಡಿಯುವುದಿಲ್ಲ.

ವಾಕಿಟಾಕಿಯಲ್ಲಿ ಕೂಗಿದೆ: “ಹುಲುಗಪ್ಪಾ, ಬಿಡಬ್ಯಾಡೋ! ಬಿಡಬ್ಯಾಡ!” ಖರಖರ ಬಿಟ್ಟರೆ ಏನೂ ಇಲ್ಲ. ಬೈಕ್ ಏರಿದೆ. ಕಿಕ್ ಮೂರು ಸಲ ಜಾರಿತು.

ಮೂರನೇ ತಿರುವಿನಲ್ಲಿ ಬಸ್ಸು ನಿಂತಿತ್ತು. ಜನ ಕೆಳಗಿಳಿದು ರಸ್ತೆಯ ಮೇಲೇ ನಿಂತಿದ್ದರು. ಹೆಂಗಸರು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಇಳಿಜಾರಿನ ಪೊದೆಯಿಂದ ಕಂಡಕ್ಟರ್ ಹತ್ತಿ ಬರುತ್ತಿದ್ದ. ಅವನ ಕೈಯಲ್ಲಿ ಗುಲಾಬಿ ಬಣ್ಣದ ಪುಟ್ಟ ಚಪ್ಪಲಿ. ಮೂರು ನಾಲ್ಕು ವರ್ಷದ ಹೆಣ್ಣುಮಗುವೊಂದು ಅಮ್ಮನ ಸೊಂಟದ ಮೇಲೆ ಕೂತು ಬಿಕ್ಕುತ್ತಿತ್ತು. ಆವತ್ತೇ ಸಂತೆಯಲ್ಲಿ ತಂದ ಹೊಸ ಚಪ್ಪಲಿ ಕಿಟಕಿಯಿಂದ ಬಿತ್ತಂತೆ. ಮಗು ಅಳುವುದನ್ನು ನೋಡಲಾಗದೆ, ಹಿಂದೆ ಯಾವ ಗಾಡಿಯೂ ಇಲ್ಲವಲ್ಲ ಎಂದು ಡ್ರೈವರ್ ನಿಲ್ಲಿಸಿದ್ದ.

“ಗುಡ್ಡದ ಕಡೆ ಹತ್ರೀ! ಎಲ್ಲಾರೂ ಮ್ಯಾಲ ಹತ್ರೀ! ಲಾರಿ ಬರಾಕತ್ತಾವ!” ಎಂದು ಅರಚಿದೆ. ಕಿರುಚಾಟವೆದ್ದಿತು. ಬುಟ್ಟಿ ಚೀಲ ಬಿಟ್ಟು, ಮಕ್ಕಳನ್ನು ಎಳೆದುಕೊಂಡು ಜನ ಕಲ್ಲುಮುಳ್ಳಿನ ಮೇಲೆ ಹತ್ತಿದರು. ಅಷ್ಟರಲ್ಲಿ ಕೆಳಗಿನಿಂದ ಹಾರ್ನ್ ಕೇಳಿತು. ಒಂದಲ್ಲ, ಹತ್ತಲ್ಲ. ಇಡೀ ಕಣಿವೆ ಹಾರ್ನಿನಿಂದ ತುಂಬಿತು. ಶಿವಶಿವಾ, ಬಿಟ್ಟುಬಿಟ್ಟ, ಬಂದುಬಿಟ್ಟವು!

ನಾನು ಕೆಳಗೆ ಹೋಗಿ ಲಾರಿಗೆ ಅಡ್ಡ ನಿಲ್ಲಬೇಕಿತ್ತು. ಹೊರಟೆ. ಮುಂದಿನ ತಿರುವಿಗೆ ಬಂದಾಗ ಹಾರ್ನು ಕಿವಿಯ ಪಕ್ಕದಲ್ಲೇ ಕೇಳಿದಂತಾಯಿತು. ಬೈಕ್ ನಿಲ್ಲಿಸಿದೆ. ಗುಡ್ಡದ ಬುಡದಲ್ಲಿ ಒಂದು ಬಂಡೆ ಇತ್ತು. ಅದರ ಹಿಂದೆ ಹೋಗಿ ನಿಂತೆ. ಪ್ರಶಂಸಾ ಪತ್ರದಲ್ಲಿ ‘ಜೀವದ ಹಂಗು ತೊರೆದು ಮುನ್ನುಗ್ಗಿದರು’ ಎಂದಿದೆಯಲ್ಲ, ಆ ಹೊತ್ತಿನಲ್ಲಿ ನಾನು ಬಂಡೆಯ ಹಿಂದೆ ಕಣ್ಣು ಮುಚ್ಚಿ ನಿಂತಿದ್ದೆ. ಎಷ್ಟು ಹೊತ್ತೋ ತಿಳಿಯದು. ಲಾರಿ ಬರಲಿಲ್ಲ. ಹಾರ್ನು ಹತ್ತಿರವೂ ಆಗಲಿಲ್ಲ, ದೂರವೂ ಆಗಲಿಲ್ಲ.

ಆಗ ಬೈಕ್ ತಳ್ಳಿಕೊಂಡು ಕೆಳಗಿಳಿದೆ. ಕೆಳಗಿನ ತುದಿಯಲ್ಲಿ ಮೊದಲ ಲಾರಿಯ ಬಂಪರಿನ ಮುಂದೆ, ರಸ್ತೆಗೆ ಅಡ್ಡಲಾಗಿ ಹುಲುಗಪ್ಪ ಮಲಗಿದ್ದ. ಟೋಪಿ ಎಲ್ಲೋ ಬಿದ್ದಿತ್ತು. ಕೆಳತುಟಿ ಒಡೆದು ರಕ್ತ ಗಲ್ಲಕ್ಕೆ ಇಳಿದಿತ್ತು. ಸುತ್ತ ಡ್ರೈವರುಗಳು, ಕ್ಲೀನರುಗಳು ಬಾಯಿಗೆ ಬಂದದ್ದು ಬೈಯುತ್ತಿದ್ದರು. ಒಬ್ಬ ಕಾಲು ಹಿಡಿದು ಎಳೆಯುತ್ತಿದ್ದ. ಹುಲುಗಪ್ಪ ಎರಡೂ ಕೈಯಿಂದ ಬಂಪರ್ ಹಿಡಿದುಕೊಂಡು ಬಿಡುತ್ತಿರಲಿಲ್ಲ. ಮೈಯೆಲ್ಲ ಗಡಗಡ ನಡುಗುತ್ತಿತ್ತು. ನನ್ನನ್ನು ಕಂಡು ಅಳತೊಡಗಿದ.

“ಬಾವುಟ ಬಂತು, ಬಸ್ ಬರಲಿಲ್ಲಣ್ಣಾ. ಮುಂದ ಏನಿತ್ತು ಅಂತ ಆ ಬೈಕಿನಾಂವನ್ನ ಕೇಳಿದೆ. ಬಸ್ಸಿತ್ತು, ನಿಂತಿತ್ತು, ದಾಟಿ ಬಂದೆ ಅಂದ. ಅಣ್ಣಾ, ಜನ ಅದಾರೇನು? ಜನ ಅದಾರೇನಣ್ಣಾ?”

“ಅದಾರೋ, ಎಲ್ಲಾರೂ ಅದಾರ” ಎಂದೆ. ಅವನ ಪಕ್ಕ ಕೂತುಬಿಟ್ಟೆ.

ಇಲ್ಲಿಗೆ ಮುಗಿದಿದ್ದರೆ ನಾನು ಬರೀ ಒಂದು ತಪ್ಪು ಮಾಡಿದವನಾಗುತ್ತಿದ್ದೆ.

ಸಾಲು ಬೆಳೆದು ಸಾಹೇಬರ ಜೀಪು ಬಂತು. ಲಾರಿಯವರ ಮುಖಂಡ ಮುಂದೆ ಬಂದು, “ಈ ಹೋಮ್‌ಗಾರ್ಡ್ ಕುಡದಾನ್ರಿ ಸಾಹೇಬ್ರ. ಬಾವುಟ ಕೈಗೆ ಬಂದ್ರೂ ಗಾಡಿ ಬಿಡವಲ್ಲ, ರಸ್ತ್ಯಾಗ ಬಿದ್ದು ಹೊಳ್ಳಾಡ್ತಾನ” ಎಂದ. ಸಾಹೇಬರು ನನ್ನ ಕಡೆ ತಿರುಗಿದರು.

“ಕೊಟ್ರೇಶ, ಬಾವುಟ ಯಾರ ಕೈಗೆ ಕೊಟ್ಟಿ?”

ಹುಲುಗಪ್ಪ ನನ್ನನ್ನು ನೋಡಿದ. ನೌಕರಿ ಹೋದೀತು, ಮನೆಯಲ್ಲಿ ಬಸುರಿ ಹೆಂಡತಿ, ಸಸ್ಪೆಂಡ್ ಆದರೆ ಊರಲ್ಲಿ ಹೇಗೆ ಮುಖ ತೋರಿಸಲಿ, ಇವೆಲ್ಲ ಒಂದೇ ಉಸಿರಿಗೆ ತಲೆಯಲ್ಲಿ ಹಾದುಹೋದವು.

“ಕಡೀ ಗಾಡಿಗೆ ಕೊಟ್ಟೀನ್ರಿ ಸಾರ್” ಎಂದೆ.

ಸುಳ್ಳೂ ಅಲ್ಲ ನೋಡಿ. ಬೈಕೇ ಕೊನೆಯ ಗಾಡಿ. ಬಿಳಿ ಅಂಗಿಯವನು ಅಷ್ಟೊತ್ತಿಗೆ ಹೋಗಿಯಾಗಿತ್ತು. ಬಸ್ಸು ಇಳಿದು ಬಂದಾಗ ಕಂಡಕ್ಟರ್ ಜೀಪಿನ ಹತ್ತಿರ ಬಂದು, “ಈ ಪೊಲೀಸಪ್ಪ ಓಡಿ ಬಂದು ನಮ್ಮನ್ನ ಉಳಿಸಿದ್ರು ಸಾಹೇಬ್ರ” ಎಂದು ನನಗೆ ಕೈಮುಗಿದ. ಸಾಹೇಬರು ನನ್ನ ಬೆನ್ನು ತಟ್ಟಿದರು. ಬಸ್ಸಿಗಿಂತ ಮೊದಲು ಬಾವುಟ ಹೇಗೆ ಬಂತೆಂದು ಅವರು ಕೇಳಲಿಲ್ಲ, ಲಾರಿಯವರ ಗದ್ದಲ ಅಡಗಿಸುವ ಆತುರ ಅವರಿಗೆ. ಹುಲುಗಪ್ಪನಿಗೆ, “ನಾಳಿಂದ ಬರಬ್ಯಾಡ” ಎಂದರು. ಅವನು ಬಾವುಟವನ್ನು ಮಡಚಿ ನನ್ನ ಕೈಗೆ ಕೊಟ್ಟು, ಟೋಪಿ ಹುಡುಕಿಕೊಂಡು ನಡೆದುಹೋದ.

ಆಮೇಲೆ ನಾನು ಹಂಪಿ ಕಡೆ, ಕಂಪ್ಲಿ ಕಡೆ, ಎಲ್ಲೆಲ್ಲೋ ಡ್ಯೂಟಿ ಮಾಡಿದೆ. ಆ ಗುಲಾಬಿ ಚಪ್ಪಲಿ ಕನಸಿನಲ್ಲಿ ಬರುತ್ತಿತ್ತು, ಕನಸಿನಲ್ಲಿ ಲಾರಿಗಳೂ ಬರುತ್ತಿದ್ದವು. ಗಾದಿಗನೂರಿನ ಮೇಲೆ ಹಾದುಹೋಗುವಾಗ ಮುಖ ಬೇರೆ ಕಡೆ ತಿರುಗಿಸಿಕೊಳ್ಳುತ್ತಿದ್ದೆ. ಹುಲುಗಪ್ಪ ಅಲ್ಲಿ ಹೆದ್ದಾರಿಯ ಪಕ್ಕ ಪಂಕ್ಚರ್ ಅಂಗಡಿ ಇಟ್ಟಿದ್ದಾನೆಂದು ಗೊತ್ತಿತ್ತು. ನನ್ನ ಟೈರು ಎರಡು ಸಲ ಅದೇ ಊರಿನ ಹತ್ತಿರ ಕೂತಿತು, ಎರಡು ಸಲವೂ ಪಾಪಿನಾಯಕನಹಳ್ಳಿಯ ತನಕ ಬೈಕ್ ತಳ್ಳಿದ್ದೇನೆ.

ಬೀಳ್ಕೊಡುಗೆಯ ಮರುದಿನ ಹೋದೆ. ಗಾಡಿ ನಿಲ್ಲಿಸಿ ಅಂಗಡಿಯ ಮುಂದೆ ನಿಂತರೆ ಕರಡಿಯ ಮುಂದೆ ನಿಂತಾಗಿನ ಹಾಗೆಯೇ ಉಸಿರು ಕಟ್ಟಿತು. ಕೂದಲೆಲ್ಲ ಬೆಳ್ಳಗಾಗಿದ್ದರೂ ಗುರುತು ಸಿಕ್ಕಿತು, ತುಟಿಯ ಮೇಲೆ ಆ ಗಾಯದ ಗೆರೆ ಇತ್ತು.

“ಬರ್ರಿ ಅಣ್ಣಾ, ಕುಂದ್ರಿ” ಎಂದ. ಸ್ಟೂಲಿನ ಧೂಳು ಒರೆಸಿ ಕೊಟ್ಟ.

ಎಲ್ಲ ಹೇಳಿದೆ. ನಿಯಮ ಮುರಿದದ್ದು, ಬಿಳಿ ಅಂಗಿ, ಬಂಡೆ, ಸಾಹೇಬರ ಮುಂದೆ ಆಡಿದ ಮಾತು. ಒಳಗಿನಿಂದ ಅವನ ಹೆಂಡತಿ ಗಂಗಮ್ಮ ಬಂದು ಬಾಗಿಲಿಗೆ ಆತು ನಿಂತು ಕೇಳಿದಳು. ನಾನು ಮುಗಿಸಿದ ಮೇಲೆ ಅವಳೇ ಮೊದಲು ಬಾಯಿ ಬಿಟ್ಟಳು.

“ಕುಡದು ಬಿದ್ದಿದ್ದ ಅಂತ ಊರೆಲ್ಲಾ ಆಡಿಕೊಂಡ್ರು. ನಮ್ಮ ಅಪ್ಪ ಸಾಯೋ ತನಕ ಇವರ ಕೈಯಾಗಿನ ನೀರು ಮುಟ್ಟಲಿಲ್ಲ. ಹನಿ ಮುಟ್ಟಿದ ಮನುಷ್ಯ ಅಲ್ರಿ ಇವರು. ಇಷ್ಟು ವರ್ಷ ಬೇಕಾತೇನ್ರಿ ನಿಮಗ, ಹೊಸಪೇಟಿಯಿಂದ ಗಾದಿಗನೂರಿಗೆ ಬರಾಕ?”

ನಾನು ತಲೆ ತಗ್ಗಿಸಿದೆ. ಕಣ್ಣೀರು ಬಂತು, ತಡೆಯಲಿಲ್ಲ. ಅವಳು ಒಳಗೆ ಹೋದಳು. ಚಹಾ ಬರಲಿಲ್ಲ. ನೀರೂ ಬರಲಿಲ್ಲ. ಬರಬೇಕಾಗಿಯೂ ಇರಲಿಲ್ಲ.

“ಎಲ್ಲಾ ಬರೀತೀನೋ ಹುಲುಗಪ್ಪ. ನಿನ್ನ ಹೆಸರು ಹಾಕಿ, ನನ್ನ ಹೆಸರು ಹಾಕಿ ಬರೀತೀನಿ. ಠಾಣೆಗೂ ಒಂದು ಪ್ರತಿ ಕೊಡ್ತೀನಿ” ಎಂದೆ.

“ಬರೀರಿ. ಆಕಿ ಓದ್ತಾಳ” ಎಂದು ಒಳಗೆ ಕೈ ತೋರಿಸಿದ. ಆಮೇಲೆ ಟೈರಿನ ಅಂಚನ್ನು ಒತ್ತತೊಡಗಿದ. ಏನೋ ಕೇಳಬೇಕೆಂದಿದ್ದಾನೆಂದು ಗೊತ್ತಾಯಿತು. ಯಾಕೆ ಹಾಗೆ ಮಾಡಿದೆ ಎಂದು ಕೇಳುತ್ತಾನೆ ಎಂದು ನಾನು ಕುಗ್ಗಿ ಕೂತಿದ್ದೆ.

“ಅಣ್ಣಾ, ಒಂದು ಕೇಳ್ತೀನಿ. ಅವತ್ತು ನನ್ನನ್ನ ಹಂಗ ಕಳಿಸಿಬಿಟ್ರು. ಯಾರೂ ಹೇಳಲಿಲ್ಲ. ಆ ಬಸ್ಸು ನಡುವ ಯಾಕ ನಿಂತಿತ್ತು?”

ಹೇಳಿದೆ. ಸಂತೆ, ಕಿಟಕಿ, ಹೆಣ್ಣುಮಗು, ಗುಲಾಬಿ ಚಪ್ಪಲಿ.

ಹುಲುಗಪ್ಪ ನನ್ನ ಮುಖವನ್ನೇ ನೋಡುತ್ತಿದ್ದ. ತುಟಿಯ ಗಾಯದ ಗೆರೆ ನಗುವಿಗೆ ಒಂದಿಷ್ಟು ಅಗಲವಾಯಿತು.

“ಸಿಕ್ತೇನ್ರಿ ಚಪ್ಪಲಿ?” ಎಂದು ಕೇಳಿದ.

“ಸಿಕ್ತೋ” ಎಂದೆ.

“ಚಲೋ ಆತು” ಎಂದ. ಒಳಗೆ ತಿರುಗಿ ಕೂಗಿ ಹೇಳಿದ: “ಏ ಗಂಗಾ, ಕೇಳಿದ್ಯಾ? ಕೂಸಿನ ಚಪ್ಪಲಿ ಬಿದ್ದಿತ್ತಂತ. ಸಿಕ್ತಂತ.”